ಹುಳದ ಮನೆಯ ಬಾವಲಿ, ಕಪ್ಪೆ

ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಒಂದು ಕಪ್ಪೆ ಕೂತಿತ್ತು. "ಅಮ್ಮ, ಇಲ್ಲೇ ಇರ್ಲಾ ಇದು?" ಎಂದು ಮಗಳು ಕೇಳಿದಳು. ನನಗೆ ಮಡಕಶಿರಾ ಕಡೆಯ ನಮ್ಮ ಅಜ್ಜಿಯ ರೇಷ್ಮೆ ಹುಳದ ಮನೆ ನೆನಪಾಯಿತು.

ಒಳಗೆಲ್ಲ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಅಗಲವಾದ ಬಿದಿರಿನ ತಟ್ಟೆಗಳಲ್ಲಿ ಸೊಪ್ಪು ಮೇಯುವ ರೇಷ್ಮೆ ಹುಳಗಳು. ಸೂರಿನ ತೊಲೆಗೆ ಒಂದು ಪುಟ್ಟ ಬಾವಲಿ ನೇತಾಡುತ್ತಿತ್ತು, ನೀರಿನ ಬಾನಿಯ ಬುಡದಲ್ಲಿ ಒಂದು ಕಪ್ಪೆ ಇತ್ತು. ಅಜ್ಜಿ ಎರಡನ್ನೂ ಓಡಿಸಿದವಳಲ್ಲ. "ಹಾರೋ ಹುಳ ಬಾವ್ಲಿದು, ನೆಲದ ಹುಳ ಕಪ್ಪೇದು, ತಟ್ಟೇದು ನಮ್ದು" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ, ಪಾಪ, ಸೆಕೆಗೆ ಕಪ್ಪೆ ಒಣಗಿಹೋಗುತ್ತದೆ ಅನ್ನಿಸಿತು. ಎತ್ತಿ ಹುಳದ ತಟ್ಟೆಯಲ್ಲಿ, ತಣ್ಣನೆಯ ಸೊಪ್ಪಿನ ಮೇಲೆ ಕೂರಿಸಿ ಆಡಲು ಹೋದೆ. ಬಂದು ನೋಡಿದರೆ ತಟ್ಟೆಯ ಒಂದು ಮೂಲೆಯಲ್ಲಿ ಹುಳವೇ ಇಲ್ಲ. ಕಪ್ಪೆ ಹೊಟ್ಟೆ ಉಬ್ಬಿಸಿಕೊಂಡು ಕಣ್ಣು ಮಿಟುಕಿಸುತ್ತಿತ್ತು.

ಅಜ್ಜ ಅದನ್ನು ಮೊರಕ್ಕೆ ಹಾಕಿಕೊಂಡು ಕೆರೆಗೆ ಬಿಟ್ಟುಬರಲು ಹೊರಟ. ನಾನು ಅಳುತ್ತ ಅವನ ಹಿಂದೆ. "ಬಾವ್ಲಿ ನೋಡು, ತಟ್ಟೆ ಮೇಲೇ ನೇತಾಡ್ತೈತೆ, ಒಂದು ಹುಳ ಮುಟ್ಟಿಲ್ಲ. ಇದ್ಕೆ ಆ ಮರ್ಯಾದೆ ಇಲ್ಲ" ಎಂದ.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಬಾವ್ಲಿನ ಯಾರು ಊಟಕ್ಕೆ ಕರ್ದಿದ್ರು? ಇದ್ನ ನಿಮ್ಮ ಮೊಮ್ಮಗಳೇ ಎಲೆ ಹಾಕಿ ಕೂರ್ಸವ್ಳೆ. ಎಲೆ ಮುಂದೆ ಕುಂತೋರು ಉಣ್ದೆ ಏಳ್ತಾರಾ?"

ಅಜ್ಜ ಟವೆಲ್ಲಿನಿಂದ ಮುಖ ಒರೆಸುವ ನೆಪದಲ್ಲಿ ನಕ್ಕ. ಕಪ್ಪೆ ಬಾನಿಯ ಬುಡಕ್ಕೆ ಮರಳಿತು.

ಮಗಳು ಇನ್ನೂ ಕಾಯುತ್ತಿದ್ದಳು. "ಇರಲಿ ಬಿಡು," ಎಂದೆ, "ಎಲೆ ಮಾತ್ರ ಹಾಕಬೇಡ."