ಹಸಿರು ರಾಕ್ಷಸನ ಜೊತೆ ಶಿರೂರಿಗೆ

ಬ್ರಹ್ಮಾವರದಿಂದ ಹೊರಟಾಗ ನನ್ನ ಚೀಲದಲ್ಲಿ ಒಂದು ಕೊಡೆ, ನೀರಿನ ಬಾಟಲಿ ಮತ್ತು ಗಿರಿಜಕ್ಕನಿಗೆಂದು ಕೊಂಡ ಒಂದು ಕಿಲೋ ಮಟ್ಟುಗುಳ್ಳ ಬದನೆ ಇತ್ತು. 2012ರ ನವೆಂಬರ್. ಮಳೆಗಾಲ ಮುಗಿಯಿತು ಎಂದು ಎಲ್ಲರೂ ಹೇಳುತ್ತಿದ್ದರು, ಮಳೆ ಮಾತ್ರ ಒಪ್ಪಿರಲಿಲ್ಲ. ನಮ್ಮ ಫ್ಯಾನ್ಸಿ ಅಂಗಡಿಯನ್ನು ಆ ದಿನದ ಮಟ್ಟಿಗೆ ಗಂಡನಿಗೆ ಒಪ್ಪಿಸಿದ್ದೆ. ಬಳೆಯ ಅಳತೆ ಗೊತ್ತಿಲ್ಲದ ಮನುಷ್ಯ ಏನು ಮಾಡಿಡುತ್ತಾರೋ ಎಂಬ ಚಿಂತೆಯನ್ನು ಬಸ್ಸು ಹತ್ತುವಾಗಲೇ ಕೆಳಗೆ ಬಿಟ್ಟೆ.

ನಾನು ಹೋಗುತ್ತಿದ್ದದ್ದು ಶಿರೂರಿಗೆ, ಗೋವಿಂದಣ್ಣನನ್ನು ನೋಡಲು. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿಲ್ಲ. ವಂಡ್ಸೆಯ ನನ್ನ ಚಿಕ್ಕಮ್ಮನ ಪಕ್ಕದ ಮನೆಯಲ್ಲಿದ್ದವರು. ಮುಂಬಯಿಯ ಹೋಟೆಲಿನಲ್ಲಿ ದುಡಿದು ಊರಿಗೆ ಮರಳಿದವರು, ಈಗ ಹೆಂಡತಿ ಗಿರಿಜಕ್ಕನ ಊರಿನಲ್ಲಿದ್ದಾರೆ. ಮಳೆಗಾಲಕ್ಕೆ ಮುಂಚೆ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಕೈಕಾಲು ಸುಮಾರಾಗಿ ಸರಿಯಾದರೂ ಮಾತು ಮರಳಲಿಲ್ಲ. ಪ್ರಯತ್ನಪಟ್ಟರೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವರು ಪ್ರಯತ್ನವನ್ನೇ ಮಾಡುತ್ತಿರಲಿಲ್ಲ.

"ತೊದಲಿರೆ ಜನ ನಗಾಡ್ತ್ರ್ ಅಂದೇಳಿ ಬಾಯೇ ಬಿಡುದಿಲ್ಲೆ ಹೆಣೆ. ನೀ ಒಂದ್ಸಲ ಬಾ. ನಿನ್ನ್ ಕಂಡ್ರೆ ಎಂತಾರೂ ಹೇಳ್ತ್ರಾ ಕಾಂಬ," ಎಂದು ಗಿರಿಜಕ್ಕ ಫೋನಿನಲ್ಲಿ ಅತ್ತಿದ್ದರು.

ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಕೋಟ ದಾಟುವಷ್ಟರಲ್ಲಿ ಬಸ್ಸಿನಲ್ಲಿದ್ದ ನಮ್ಮೆಲ್ಲರ ತಲೆಯೂ ಧೂಳು ಕೂತು ಒಂದೇ ಬಣ್ಣಕ್ಕೆ ತಿರುಗಿತ್ತು. ಕುಂದಾಪುರಕ್ಕೆ ಇಪ್ಪತ್ತೈದು ಕಿಲೋಮೀಟರೂ ಇಲ್ಲದ ದಾರಿ, ಸೇರಲು ಒಂದು ಗಂಟೆಯೇ ಹಿಡಿಯಿತು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಬಿಸಿ ಗೋಳಿಬಜೆ ತಿಂದು, ಚಾ ಕುಡಿದು, ವಂಡ್ಸೆಯ ಮೇಲೆ ಹೋಗುವ ಕೊಲ್ಲೂರಿನ ಬಸ್ಸು ಹತ್ತಿದೆ. ನೇರ ಶಿರೂರಿನ ಕಡೆಯ ಬಸ್ಸು ಹಿಡಿದಿದ್ದರೆ ಬೇಗ ತಲುಪುತ್ತಿದ್ದೆ. ಆದರೆ ಬರಿಗೈಯಲ್ಲಿ ಹೋಗಿ ಗೋವಿಂದಣ್ಣನನ್ನು ಮಾತಾಡಿಸುವ ಧೈರ್ಯ ನನಗಿರಲಿಲ್ಲ. ವಂಡ್ಸೆಯ ಚಿಕ್ಕಮ್ಮನ ಅಟ್ಟದಲ್ಲಿ ಅವರು ಊರು ಬಿಡುವಾಗ ಇರಿಸಿಹೋದ ಒಂದು ಪೆಟ್ಟಿಗೆ ಉಳಿದಿತ್ತು. ಅದು ಬೇಕಿತ್ತು.

ಆ ಪೆಟ್ಟಿಗೆಯ ಕಥೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1997ರಲ್ಲಿ ಅಮ್ಮ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಾಗ ನನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು. ನನಗೆ ಹತ್ತು ವರ್ಷ. ಅಮ್ಮನಿಗೆ ಏನಾಗಿದೆ ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳದೆ ಇದ್ದದ್ದಕ್ಕೇ ನನಗೆ ಹೆದರಿಕೆ. ಆಗ ಪಕ್ಕದ ಮನೆಯ ಜಗಲಿಯಲ್ಲಿ ಗೋವಿಂದಣ್ಣ ಮುಂಬಯಿಯಿಂದ ತಂದ ತಗಡಿನ ಪೆಟ್ಟಿಗೆ ತೆರೆದರು. ಅದರ ತುಂಬ ರದ್ದಿ ಅಂಗಡಿಯಲ್ಲಿ ಆರಿಸಿಕೊಂಡ ಹಳೆಯ ಇಂಗ್ಲಿಷ್ ಕಾಮಿಕ್ಸ್. ಗೋರಿಯಿಂದ ಏಳುವ ಹೆಣಗಳು, ಬೇರೆ ಗ್ರಹದಿಂದ ಇಳಿಯುವ ಹುಳಗಳು, ಗಾಜಿನ ಬುರುಡೆಯಲ್ಲಿ ಕುದಿಯುವ ಮಿದುಳು. ಕಾಗದ ಹಳದಿಯಾಗಿತ್ತು, ಬಣ್ಣ ಗೆರೆ ಮೀರಿ ಹರಡಿತ್ತು. ನನಗೆ ಅಷ್ಟು ಚಂದದ ವಸ್ತು ಆಮೇಲೂ ಕಾಣಸಿಕ್ಕಿಲ್ಲ.

ಗೋವಿಂದಣ್ಣನ ಇಂಗ್ಲಿಷ್ ಹೋಟೆಲಿನ ಬಿಲ್ಲಿನಷ್ಟೇ ಉದ್ದ. ಆದರೆ ಅವರು ಊರಿನ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ವೇಷವಿಲ್ಲದೆ ಕುಳಿತು ಬರೀ ಮಾತಿನಲ್ಲೇ ಪಾತ್ರವಾಗುವ ಆ ವಿದ್ಯೆಯನ್ನು ಕಾಮಿಕ್ಸಿಗೆ ಹಚ್ಚಿದರು. ಚಿತ್ರ ನೋಡುವುದು, ಉಳಿದದ್ದನ್ನು ತಾವೇ ಹುಟ್ಟಿಸುವುದು. ಮೂರು ಕಣ್ಣಿನ ಹಸಿರು ರಾಕ್ಷಸನಿಗೆ ಪುಸ್ತಕದಲ್ಲಿ 'ಗರ್ರ್' ಎಂಬುದರಾಚೆ ಮಾತೇ ಇಲ್ಲ. ಗೋವಿಂದಣ್ಣನ ಬಾಯಲ್ಲಿ ಅವನು ಗಂಟೆಗಟ್ಟಲೆ ವಾದಿಸುತ್ತಿದ್ದ: "ಎಲವೋ ವಿಜ್ಞಾನಿ! ನಕ್ಷತ್ರದಿಂದ ಜಾರಿ ನಿನ್ನ ಕಡಲಿಗೆ ಬಿದ್ದದ್ದು ನನ್ನ ಅಪರಾಧವೆ? ದಾರಿ ತಪ್ಪಿದವನಿಗೆ ದಾರಿ ತೋರಿಸುವುದು ಬಿಟ್ಟು ವಿದ್ಯುತ್ತು ಹಾಯಿಸುವೆಯಾ?" ಎದುರು ಪಾತ್ರವನ್ನು ಕೇಳಲು ಕೂತ ಓಣಿಯ ಮಕ್ಕಳಲ್ಲಿ ಯಾರಾದರೂ ಮಾಡಬೇಕು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಉತ್ತರಿಸಲೇಬೇಕು, ಸುಮ್ಮನಾದರೆ ಸೋತಂತೆ. ರಾಕ್ಷಸನಿಗೂ ಒಂದು ಅಹವಾಲಿದೆ ಎಂದು ತಿಳಿದ ಮೇಲೆ ನನ್ನ ಕತ್ತಲೆಯ ಹೆದರಿಕೆ ಅರ್ಧ ಇಳಿಯಿತು. ಅಮ್ಮ ಗುಣವಾಗಿ ಮನೆಗೆ ಬಂದಾಗ ಉಳಿದರ್ಧವೂ ಹೋಯಿತು.

ಮರುವರ್ಷ ರಜೆಗೆ ಹೋದಾಗ ಅದೇ ಕಥೆಯ ಸಿನಿಮಾದ ಕ್ಯಾಸೆಟ್ಟು ಬಂದಿತ್ತು. ಬಾಡಿಗೆಯ ವೀಡಿಯೋ ಪ್ಲೇಯರಿನ ಮುಂದೆ ಓಣಿಯ ಜನವೆಲ್ಲ ಸೇರಿದ್ದರು. ರಾಕ್ಷಸ ಎಂದರೆ ರಬ್ಬರಿನ ಅಂಗಿ ತೊಟ್ಟ ಒಬ್ಬ ದಡಿಯ. ಬೆನ್ನಿನಲ್ಲಿ ಜಿಪ್ಪು ಕಾಣುತ್ತದೆ ಎಂದು ಯಾರೋ ಕೂಗಿದರು. ಗೋವಿಂದಣ್ಣ ಟಿವಿಯ ಸದ್ದು ಪೂರ್ತಿ ತಗ್ಗಿಸಿ, "ಜಿಪ್ಪಲ್ಲ ಮಾರಾಯ್ರೆ, ಅದ್ ಬೆನ್ನಿನ್ ಮುಳ್ಳ್!" ಎಂದವರೇ ಇಡೀ ಸಿನಿಮಾಕ್ಕೆ ತಾವೇ ಅರ್ಥ ಹೇಳಿದರು. ದೊಡ್ಡವಳಾದ ಮೇಲೆ ಅಂಥ ಸಿನಿಮಾಗಳನ್ನು ಮೂಲ ಧ್ವನಿಯಲ್ಲಿ ನೋಡಿದ್ದೇನೆ. ಒಂದೂ ರುಚಿಸಲಿಲ್ಲ.

ವಂಡ್ಸೆಯಲ್ಲಿ ಚಿಕ್ಕಮ್ಮ ಅಂಗಳದಲ್ಲಿ ಭತ್ತ ಹರವಿ, ಒಂದು ಕಣ್ಣು ಮೋಡದ ಮೇಲೂ ಇನ್ನೊಂದು ಕೋಳಿಗಳ ಮೇಲೂ ಇಟ್ಟಿದ್ದರು. ನಾನು ಬಂದ ಕಾರಣ ಕೇಳಿ ಹಣೆ ಚಚ್ಚಿಕೊಂಡರು.

"ಕೊಯ್ಲಿನ್ ಹೊತ್ತಿಗೆ ಭೂತದ್ ಪುಸ್ತಕ ಬೇಕಾ ನಿಂಗೆ? ಅಟ್ಟದಂಗ್ ಇತ್ತ್, ಹೋಯಿ ಹುಡ್ಕ್."

ಬೈದರೂ ಪೆಟ್ಟಿಗೆಗೆ ಪ್ರತಿ ವರ್ಷ ನುಸಿಗುಳಿಗೆ ಹಾಕುತ್ತಿದ್ದವರು ಅವರೇ. ಹೆಚ್ಚಿನ ಪುಸ್ತಕಗಳು ಪುಡಿಯಾಗಿದ್ದರೂ ಹಸಿರು ರಾಕ್ಷಸ ಗಟ್ಟಿಯಾಗಿದ್ದ. ಗಂಜಿ ಉಣ್ಣದೆ ಬಿಡಲಿಲ್ಲ ಚಿಕ್ಕಮ್ಮ. ಉಂಡು, ಹೆದ್ದಾರಿಯ ಮೇಲಿನ ಹೆಮ್ಮಾಡಿಗೆ ಮರಳಿ, ಶಿರೂರಿನ ಮೇಲೆ ಹೋಗುವ ಭಟ್ಕಳದ ಬಸ್ಸು ಹಿಡಿದೆ.

ಕಿಟಕಿಯ ಪಕ್ಕ ಕೂತು ಪುಸ್ತಕ ಬಿಡಿಸಿದೆ. ಚಿಕ್ಕಂದಿನಲ್ಲಿ ನೋಡಿದ್ದೆನೇ ಹೊರತು ಓದಿರಲಿಲ್ಲ. ಕೊನೆಯ ಪುಟದ ಚಿತ್ರ ನನಗೆ ಬಾಯಿಪಾಠ: ಖಾಲಿ ಕಡಲು, ಮೇಲೆ ನಾಲ್ಕಾರು ಗುಳ್ಳೆ. ರಾಕ್ಷಸ ನೀರಿನಡಿಯಿಂದ ತನ್ನ ಮನೆಗೆ ಹೊರಟ, ಹೊರಟದ್ದು ನಮ್ಮ ಮರವಂತೆಯಿಂದಲೇ ಎಂದು ಗೋವಿಂದಣ್ಣ ಹೇಳಿದ್ದರು. ಈಗ ಚಿತ್ರದ ಕೆಳಗಿನ ಇಂಗ್ಲಿಷ್ ಸಾಲು ಓದಿದೆ. ಆ ಪ್ರಾಣಿ ಅಲ್ಲಿಗೆ ಸತ್ತಿತು, ಲೋಕಕ್ಕೆ ನೆಮ್ಮದಿಯಾಯಿತು ಎಂದಿತ್ತು. ಅಷ್ಟರಲ್ಲಿ ಬಸ್ಸು ಮರವಂತೆಗೆ ಬಂದಿತ್ತು. ಎಡಗಡೆ ಕಡಲು, ಬಲಗಡೆ ಹೊಳೆ, ನಡುವೆ ನಾನೊಬ್ಬಳು ಯಾರೋ ಹತ್ತಿರದವರು ತೀರಿಹೋದ ಸುದ್ದಿ ಕೇಳಿದವಳಂತೆ ಕೂತಿದ್ದೆ. ಪಕ್ಕದ ಹೆಂಗಸು, "ತಲೆ ತಿರ್ಗ್ತಾ?" ಎಂದು ಕೇಳಿ ಒಂದು ನಿಂಬೆಹಣ್ಣು ಕೊಟ್ಟರು.

ಬೈಂದೂರಿನಲ್ಲಿ ಸಣ್ಣ ಮಳೆ. ಶಿರೂರಿನಲ್ಲಿ ಇಳಿದಾಗ ಬಿಸಿಲು. ಗೋವಿಂದಣ್ಣನ ಮನೆ ಬಸ್ಸು ನಿಲ್ಲುವಲ್ಲಿಂದಲೇ ಕಾಣುತ್ತದೆ. ಅವರು ಜಗಲಿಯ ಕುರ್ಚಿಯಲ್ಲಿದ್ದರು. ಮುಖದ ಒಂದು ಬದಿ ತುಸು ಜೋತಿತ್ತು. ನನ್ನನ್ನು ಕಂಡು ಕಣ್ಣರಳಿಸಿ ನಕ್ಕರು. ತುಟಿ ಬಿಚ್ಚಲಿಲ್ಲ.

ಪುಸ್ತಕ ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಮುಖಪುಟ ಸವರಿದರು, ಒಂದೊಂದೇ ಪುಟ ತಿರುವಿದರು. ನೆನಪಿದ್ದಷ್ಟು ಅವರದೇ ಮಾತುಗಳನ್ನು ನಾನು ಹೇಳುತ್ತಾ ಹೋದೆ. ಜಿಪ್ಪಿನ ಕಥೆ ಹೇಳಿ ಗಿರಿಜಕ್ಕನನ್ನು ನಗಿಸಿದೆ. ಗೋವಿಂದಣ್ಣ ತಲೆದೂಗಿದರು, ಅಷ್ಟೆ. ಗಿರಿಜಕ್ಕ ಬಾಗಿಲ ಹತ್ತಿರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಸಾಕ್ ಬಿಡ್ ಹೆಣೆ, ಪಾಪ," ಎಂದರು. ನನ್ನ ಹತ್ತಿರವೂ ಬೇರೆ ಉಪಾಯ ಉಳಿದಿರಲಿಲ್ಲ.

ಕೊನೆಯ ಪುಟ ಬಂತು. ನನಗೆ ಏನು ತೋಚಿತೋ, ಎದುರಿನ ಬೆಂಚಿನಲ್ಲಿ ನೆಟ್ಟಗೆ ಕೂತು ವಿಜ್ಞಾನಿಯ ಪಾತ್ರ ಹಿಡಿದುಬಿಟ್ಟೆ. "ಎಲೈ ರಾಕ್ಷಸ! ಇಲ್ಲಿ ಅಚ್ಚಾಗಿದೆ ನೋಡು. ನೀನು ಸತ್ತೆ. ಲೋಕಕ್ಕೆ ನೆಮ್ಮದಿಯಾಯಿತು. ಸತ್ತವನ ಬಾಯಲ್ಲಿ ಮಾತೆಲ್ಲಿಂದ ಬರಬೇಕು?"

ಮಾತು ಕಳೆದುಕೊಂಡ ಮನುಷ್ಯನ ಮುಂದೆ ಹೇಳುವ ಮಾತೇ ಇದು? ಗಿರಿಜಕ್ಕ ನನ್ನನ್ನೇ ದಿಟ್ಟಿಸಿದರು. ಗೋವಿಂದಣ್ಣನ ಮುಖ ಕೆಂಪಾಯಿತು. ಕತ್ತು ಮುಂದೆ ಬಂತು. ಗಂಟಲಿನಿಂದ ಏನೋ ಉರುಳಿ, ತಡೆದು, ಮತ್ತೆ ಉರುಳಿತು.

"ಎ... ಎಲ... ಎಲವೋ!"

ನಾನು ಬೆಂಚಿನ ತುದಿಗೆ ಸರಿದೆ.

"ಸ... ಸಾಯ್ಲಿಲ್ಲೆ. ನಾ... ಸಾಯ್ಲಿಲ್ಲೆ. ಮ... ಮನಿಗ್... ಹೋದ್ದ್."

ಅಷ್ಟು ಹೇಳಲು ಅವರ ಹಣೆಯೆಲ್ಲ ಬೆವರಿತು. ಎಂಜಲು ಗಲ್ಲಕ್ಕಿಳಿಯಿತು. ಒರೆಸಿಕೊಳ್ಳುವ ಗೊಡವೆಗೂ ಹೋಗದೆ ಬೆರಳನ್ನು ಕಡಲಿನ ಚಿತ್ರದ ಮೇಲೆ ಒತ್ತಿ, ಈಗ ನಿನ್ನ ಸರದಿ ಎಂಬಂತೆ ನನ್ನನ್ನು ನೋಡಿದರು. ದಿನವಿಡೀ ಅಂಗಡಿಯಲ್ಲಿ ಬಾಯಿ ಮುಚ್ಚದ ನನಗೆ ಒಂದು ಅಕ್ಷರ ಹೊರಡಲಿಲ್ಲ.

"ಸೋ... ಸೋತ್ಯಾ?" ಎಂದರು.

"ಸೋತೆ ಗೋವಿಂದಣ್ಣ," ಎಂದು ಅಳತೊಡಗಿದೆ.

ಗಿರಿಜಕ್ಕ ನಗುವುದೋ ಅಳುವುದೋ ತಿಳಿಯದೆ ನಿಂತಿದ್ದರು. "ಇಷ್ಟ್ ದಿನ ಒಂದ್ ಲೋಟ ನೀರ್ ಬೇಕಾರೂ ಕೈ ತೋರ್ಸ್ತಿದ್ರ್. ಈಗಳ್ ಕಾಣ್, 'ಎಲವೋ' ಅಂಬ್ರ್!"

ಗೋವಿಂದಣ್ಣನಿಗೆ ಎಷ್ಟೋ ವರ್ಷಗಳಿಂದ ಹೇಳಬೇಕೆಂದುಕೊಂಡಿದ್ದನ್ನು ಆಗ ಹೇಳಿದೆ. ಅಮ್ಮ ಆಸ್ಪತ್ರೆಯಲ್ಲಿದ್ದ ಆ ದಿನಗಳನ್ನು ಅವರ ರಾಕ್ಷಸರಿಂದಾಗಿಯೇ ದಾಟಿದೆ, ಆ ಋಣ ದೊಡ್ಡದು ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

ಪುಸ್ತಕವನ್ನು ಅಲ್ಲೇ ಬಿಟ್ಟು, ಸಂಜೆಯ ಕುಂದಾಪುರದ ಬಸ್ಸು ಹತ್ತಿದೆ. ಬಸ್ಸು ಹೊರಡುವ ಮುಂಚೆ ಕಿಟಕಿಯಿಂದ ಜಗಲಿ ಕಾಣುತ್ತಿತ್ತು. ನಾನು ಎದ್ದುಬಂದ ಬೆಂಚಿನಲ್ಲಿ ಈಗ ಗಿರಿಜಕ್ಕ ಕೂತಿದ್ದರು. ಅವರಿಗೆ ಇಂಗ್ಲಿಷಿನ ಒಂದಕ್ಷರ ಬಾರದು, ಜನ್ಮದಲ್ಲಿ ಒಮ್ಮೆಯೂ ಅರ್ಥ ಹೇಳಿದವರಲ್ಲ. ಪುಸ್ತಕ ತಲೆಕೆಳಗಾಗಿ ಹಿಡಿದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಬೆರಳೆತ್ತಿ ಗಂಡನಿಗೆ ಜೋರಾಗಿ ಸವಾಲು ಹಾಕುತ್ತಿದ್ದರು. ಗೋವಿಂದಣ್ಣ ಉತ್ತರಕ್ಕೆ ಬಾಯಿ ತೆರೆದಿದ್ದರು.