ಕರಿ ಬೆಕ್ಕಿನ ಮುನಿಗಂಗಮ್ಮ

ವಿಜಯಪುರದ ಆ ಬೀದಿಯಲ್ಲಿ ರೇಷ್ಮೆ ನೂಲು ಹುರಿ ಮಾಡುವ ಮಿಷನ್ನುಗಳ ಸದ್ದನ್ನೂ ಮೀರಿಸುವ ದನಿಯೊಂದಿದ್ದರೆ ಅದು ಮುನಿಗಂಗಮ್ಮನದು. ಅವಳ ಕರಿ ಬೆಕ್ಕು ರಸ್ತೆ ದಾಟಿತೆಂದರೆ ಸಾಕು, ಸ್ಕೂಟರುಗಳು ಗಕ್ಕನೆ ನಿಲ್ಲುತ್ತವೆ. ಬೇರೆ ಯಾರಾದರೂ ಮೊದಲು ಹೋಗಲಿ, ಕೇಡು ಅವರ ತಲೆಗೆ ಸುತ್ತಿಕೊಳ್ಳಲಿ ಎಂದು ಎಲ್ಲರೂ ಕಾಯುತ್ತಾರೆ. ಹಾಗೆ ಕಾಯುವುದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. “ಹಾಲಿನೋನು ಬಂದು ಸಾಯ್ಲಿ ಅಂತ ಕಾಯ್ತಿದ್ದೀರೇನ್ರೋ? ನಿಮ್ ಮುಖಕ್ಕಿಷ್ಟು ಬೆಂಕಿ ಹಾಕ!” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಕ್ಕು ದಾಟಿದ ಜಾಗವನ್ನು ತಾನೇ ತುಳಿದು, “ಅನಿಷ್ಟ ನಂಗೇ ಹತ್ಕೊಂತು, ಇನ್ನು ಹೋಗ್ರಿ” ಎನ್ನುತ್ತಾಳೆ. ಒಮ್ಮೆ ಆಂಬುಲೆನ್ಸೇ ನಿಂತಿದ್ದಕ್ಕೆ ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗಿದ್ದಳು. ರೇಷ್ಮೆ ಹುಳು ಸಾಕುವ ಮನೆಗೆ ಇಲಿ ಕಾಟವೆಂದು ಬೆಕ್ಕಿನ ಮರಿ ಕೇಳಲು ಬಂದವರು ಬಿಳಿಯದಕ್ಕೆ ಕೈ ಹಾಕಿದರೂ ಅದೇ ಸಿಟ್ಟು: “ಇಲಿ ಹಿಡಿಯೋಕೆ ಬಣ್ಣ ಯಾಕ್ರೀ? ಕರೀದು ಬೇಕಾದ್ರೆ ತಗೊಂಡೋಗಿ, ಇಲ್ಲಾಂದ್ರೆ ನಡೀರಿ.” ಒಯ್ಯುವವರಿಗೆ ಒಂದೇ ಕರಾರು, ಶುಭಕಾರ್ಯಕ್ಕೆ ಹೊರಡುವಾಗ ಬೆಕ್ಕನ್ನು ಒಳಗೆ ಕೂಡಿ ಹಾಕಬಾರದು. ಪಕ್ಕದ ಮನೆಯ ಪ್ರಮೋದಾ ಕರಿ ಮರಿಯನ್ನು ಎದೆಗವಚಿಕೊಂಡು, “ಅದ್ಯಾಕಜ್ಜಿ ಹಂಗೆ?” ಎಂದಾಗ ಮಾತ್ರ ಅವಳು ಮರಿಯ ಕಿವಿ ಸವರಿ, “ಹಾಲು ಹಾಕೋದ್ ಮರೀಬೇಡ” ಎಂದು ಮಾತು ತಿರುಗಿಸಿದಳು. ಗಂಡ ತೀರಿಕೊಂಡ ಮೇಲೆ, ಮನೆಯವರು ಹೆಣ್ಣು ನೋಡಲೋ ಮದುವೆಗೋ ಹೊರಟಾಗಲೆಲ್ಲ ಮೈದುನ “ಒಸಿ ಒಳಗಿರಿ ಅತ್ತಿಗೆ” ಎನ್ನುತ್ತಿದ್ದ. ಅವರು ಬೀದಿ ತಿರುಗುವವರೆಗೂ ಅವಳು ಅಡುಗೆಮನೆಯ ಕದದ ಹಿಂದೆ ನಿಂತಿರುತ್ತಿದ್ದಳು. ಇವತ್ತು ಬೀದಿಗೆಲ್ಲ ಕೇಳುವ ಬೈಗುಳ ಅಂದು ಆ ಕದದ ಹಿಂದೆ ನುಂಗಿಕೊಂಡದ್ದು.