ಜೀಪಿನಲ್ಲಿ ಕೇಳಿದ ಡ್ರಮ್

ಮೊಮ್ಮಕ್ಕಳೇ, ಸುಮಾ, ಚೇತನ್, ವನಗೂರಿನಿಂದ ಸಕಲೇಶಪುರಕ್ಕೆ ನಮ್ಮನ್ನು ಕರೆದೊಯ್ಯುತ್ತಿದ್ದ ಜೀಪಿನ ಡ್ರೈವರರ ಬಗ್ಗೆ ನಿಮಗೆ ಹೇಳಿಯೇ ಇಲ್ಲ. ಹಿಂದೆ ಕೆಲಸಕ್ಕಿದ್ದ ಎಸ್ಟೇಟಿನ ಧಣಿ ಕೊಟ್ಟ ಜಾಝ್ ಸಿ.ಡಿ.ಗಳು ಅವರ ಬಳಿ ಇದ್ದವು. ಘಾಟಿ ಹತ್ತುವಾಗ ಒಂದು ಆಲ್ಬಮ್, ಇಳಿಯುವಾಗ ಇನ್ನೊಂದು. ಕೂತವರಿಗೆಲ್ಲ, "ತುತ್ತೂರಿ ಬಿಡಿ, ಹಿಂದಿರೋ ಡ್ರಮ್ ಕೇಳಿ," ಎನ್ನುತ್ತ ಸ್ಟಿಯರಿಂಗ್ ಮೇಲೆ ಬೆರಳು ಆಡಿಸುತ್ತಿದ್ದರು.

ನಿಮ್ಮ ತಾತ ತೀರಿಕೊಂಡಾಗ ನನಗೆ ನಿದ್ದೆಯೇ ದೂರವಾಯಿತು. ನಮ್ಮಲ್ಲಿ ವರ್ಷದ ತಿಥಿಯವರೆಗೆ ಮನೆಯವರು ಹಾಡು ಕೇಳುವುದಿಲ್ಲ. ಒಂದು ಬೆಳಿಗ್ಗೆ ನಾದಿನಿಯ ಜೊತೆ ಜೀಪು ಹತ್ತಿದಾಗ ಸಿ.ಡಿ. ಓಡುತ್ತಿತ್ತು.

"ಸಾವಾದ ಮನೆಯೋರು ಕೂತವ್ರೆ, ಹಾಡು ಹಾಕ್ಕೊಂಡಿದ್ದೀಯಲ್ಲ ಮಾರಾಯ," ಎಂದಳು ನಾದಿನಿ.

"ಹಾಡೆಲ್ಲೈತೆ ಅಕ್ಕ? ಒಂದು ಮಾತೂ ಇಲ್ಲ ಇದ್ರಲ್ಲಿ. ನಿಮ್ಮಣ್ಣನ್ನ ಮಣ್ಣಿಗೆ ಒಯ್ವಾಗ ತಮಟೆ ಬಡಿಸಿದ್ದು ನೀವೇ ಕಣ್ರೀ."

ಹಾಗೆಂದರೂ ನಿಲ್ಲಿಸಲು ಕೈ ಚಾಚಿದರು.

"ಇರ‍್ಲಿ ಬುಡಿ," ಎಂದೆ. ನಾದಿನಿ ನನ್ನ ಮುಖವನ್ನೇ ನೋಡಿದಳು.

ಜೀಪು ಮಂಜಿನೊಳಗೆ ಇಳಿಯಿತು. ಸಿ.ಡಿ.ಯಲ್ಲಿ ಯಾರೋ ಡ್ರಮ್ಮಿನ ಮೇಲೆ ಕೋಲಿನ ಬದಲು ತಂತಿಯ ಬ್ರಷ್ ಆಡಿಸುತ್ತಿದ್ದರು, ಕಣದಲ್ಲಿ ಕಾಫಿ ಬೀಜ ಹರಡಿದ ಹಾಗೆ. ತಿರುವುಗಳು ಮುಗಿಯುವ ಮೊದಲೇ ನಾನು ನಾದಿನಿಯ ಹೆಗಲಿಗೆ ಒರಗಿ ನಿದ್ದೆಹೋಗಿದ್ದೆ. ಪೇಟೆ ತಲುಪಿದ ಮೇಲೂ ಡ್ರೈವರು ನನ್ನನ್ನು ಎಬ್ಬಿಸದೆ, ಸಿ.ಡಿ.ಯನ್ನು ಮತ್ತೆ ಮೊದಲಿಂದ ಹಾಕಿದರಂತೆ. ನಾದಿನಿಯೂ ಹೆಗಲು ಅಲುಗಿಸದೆ ಕೂತಿದ್ದಳಂತೆ.

ಆ ಆಲ್ಬಮ್ಮಿನ ಇಂಗ್ಲಿಷ್ ಹೆಸರು ನನಗೆ ಓದಲು ಬರಲಿಲ್ಲ. ನೀಲಿ ಹೊದಿಕೆ, ಅದರ ಮೇಲೊಂದು ಖಾಲಿ ಕುರ್ಚಿ. ನಿದ್ದೆ ಬಾರದ ಕಾಲ ನಿಮಗೂ ಬಂದರೆ ಹುಡುಕಿ ಕೇಳಿ. ಅಲ್ಲಿಯವರೆಗೆ ನಾನು ಬರೆದಿಟ್ಟ ಈ ಹಾಳೆಗಳನ್ನು ತೇವ ತಗಲದ ಕಡೆ ಇಟ್ಟುಕೊಳ್ಳಿ, ಮಕ್ಕಳೇ.